ಪ್ರತಿಮೆಯ ಹಿಂದಿನ ಕುರ್ಚಿ

ಲಂಡನ್ನಿಗೆ ಹೋಗಿಬಂದ ನಮ್ಮ ಶರಣ ಬಂಧುಗಳ ಮೊಬೈಲಿನಲ್ಲಿ ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆಯ ಚಿತ್ರ ಸಾಮಾನ್ಯವಾಗಿ ಇದ್ದೇ ಇರುತ್ತದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣಗೊಳಿಸಿದ್ದು ಎಲ್ಲರಿಗೂ ಗೊತ್ತು. ಅದು ಅಲ್ಲಿಗೆ ಬಂದದ್ದು ಹೇಗೆಂದು ಕೇಳಿದವರು ಕಡಿಮೆ.

ಅದರ ಹಿಂದೆ ನಿಂತವರು ಡಾ. ನೀರಜ್ ಪಾಟೀಲ. ಕಲಬುರಗಿ ನೆಲದವರು, ವೃತ್ತಿಯಿಂದ ತುರ್ತು ಚಿಕಿತ್ಸಾ ವೈದ್ಯರು. ಲಂಡನ್ನಿನ 32 ಬರೋಗಳಲ್ಲಿ ಒಂದಾದ ಲ್ಯಾಂಬೆತ್‌ನ ಸ್ಥಳೀಯ ಮಂಡಳಿಗೆ ಲೇಬರ್ ಪಕ್ಷದಿಂದ ಸದಸ್ಯರಾಗಿ ಆಯ್ಕೆಯಾದರು. 2010–11ರಲ್ಲಿ ಅಲ್ಲಿನ ಮೇಯರ್ ಆದರು. 2017ರಲ್ಲಿ ಪಟ್ನಿ ಕ್ಷೇತ್ರದಿಂದ ಸಂಸತ್ತಿಗೆ ನಿಂತು, ಆಗಿನ ಶಿಕ್ಷಣ ಸಚಿವೆಯ ಎದುರು 1,554 ಮತಗಳಿಂದ ಸೋತರು.

'ನಮ್ಮವರು ಲಂಡನ್ನಿನ ಮೇಯರ್ ಆದರು' ಎಂದು ಇಲ್ಲಿನ ವೇದಿಕೆಗಳು ಹೇಳಿಕೊಂಡದ್ದುಂಟು. ಅದು ತಪ್ಪು. ಅವರು ಒಂದು ಬರೋದ ಮೇಯರ್. ಒಂದು ವರ್ಷದ ಗೌರವದ ಹುದ್ದೆ ಅದು. ಸಭೆ ನಡೆಸಬೇಕು, ಪಕ್ಷ ಮರೆತು ಎಲ್ಲರ ಮಾತಿಗೂ ಎಡೆ ಕೊಡಬೇಕು. ಆಡಳಿತದ ಹಿಡಿತ ಮಂಡಳಿಯ ನಾಯಕನ ಕೈಯಲ್ಲಿರುತ್ತದೆ. ಶೂನ್ಯಪೀಠದ ಕಲ್ಪನೆ ಬಲ್ಲ ನಮಗೆ ಅಧಿಕಾರವಿಲ್ಲದ ಅಧ್ಯಕ್ಷತೆ ಸಣ್ಣದಾಗಿ ಕಾಣಬಾರದು. ಇನ್ನು ಸಾಮಾನ್ಯ ಸದಸ್ಯನಿಗೆ ಅಲ್ಲಿ ಸಂಬಳವಿಲ್ಲ, ಭತ್ಯೆ ಮಾತ್ರ. ಆದ್ದರಿಂದ ಅನೇಕರು ತಮ್ಮ ಉದ್ಯೋಗ ಮಾಡಿಕೊಂಡೇ ವಾರ್ಡಿನ ಜನರ ಮನೆ, ಕಸ, ಬಾಡಿಗೆಯ ದೂರುಗಳನ್ನು ಕೇಳುತ್ತಾರೆ.

ಪ್ರತಿಮೆಯೂ ಇಂಥ ಕಡತಗಳ ದಾರಿಯಲ್ಲೇ ಬಂದದ್ದು. ಲಂಡನ್ನಿನ ಸಾರ್ವಜನಿಕ ಜಾಗದಲ್ಲಿ ಪ್ರತಿಮೆ ನಿಲ್ಲಿಸಲು 1854ರ ಒಂದು ಕಾಯ್ದೆಯಂತೆ ಸರ್ಕಾರದ ಒಪ್ಪಿಗೆ ಬೇಕು. ಅದರ ಮೇಲೆ ಸ್ಥಳೀಯ ಯೋಜನಾ ಪರವಾನಗಿ. ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ನಮ್ಮಲ್ಲಿ ರಾತ್ರೋರಾತ್ರಿ ವೃತ್ತದಲ್ಲಿ ಪ್ರತಿಮೆ ಎದ್ದು, ಬೆಳಿಗ್ಗೆ ಪೊಲೀಸ್ ಕಾವಲು ಬೀಳುತ್ತದೆ. ಬಸವಣ್ಣನವರ ಹೆಸರಿನಲ್ಲೂ ಇದು ನಡೆದರೆ ಅದನ್ನು ಭಕ್ತಿ ಎನ್ನಲು ನಾವು ಸಿದ್ಧರಿಲ್ಲ.

ಪಾಟೀಲರ ತವರಿನತ್ತ ನೋಡೋಣ. ಕಲಬುರಗಿ ಮಹಾನಗರ ಪಾಲಿಕೆಯ 55 ವಾರ್ಡುಗಳಿಗೆ 2021ರ ಸೆಪ್ಟೆಂಬರಿನಲ್ಲಿ ಚುನಾವಣೆ ನಡೆಯಿತು. ಮೇಯರ್ ಆಯ್ಕೆಯಾದದ್ದು 2023ರ ಮಾರ್ಚಿನಲ್ಲಿ. ಜನ ಮತ ಹಾಕಿ ಒಂದೂವರೆ ವರ್ಷ ಆ ಕುರ್ಚಿ ಖಾಲಿ ಇತ್ತು. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಅಧಿಕಾರಿಗಳ ಆಡಳಿತ. ಮಂತ್ರಿ ಪದವಿಯಲ್ಲಿ ಸಮುದಾಯದ ಪಾಲು ಕಡಿಮೆಯಾಯಿತೆಂದು ಪೂಜ್ಯರೂ ಮುಖಂಡರೂ ಹೇಳಿಕೆ ಕೊಟ್ಟದ್ದನ್ನು ಓದಿದ್ದೇವೆ. ಪಾಲಿಕೆಗಳಿಗೆ ಬೀಗ ಬಿದ್ದಾಗ ಅದೇ ದನಿ ಅಷ್ಟು ಜೋರಾಗಿ ಕೇಳಲಿಲ್ಲ. ಕಸ ಗುಡಿಸುವುದನ್ನೇ ಕಾಯಕ ಮಾಡಿಕೊಂಡ ಸತ್ಯಕ್ಕನನ್ನು ಶರಣೆ ಎಂದು ಪೂಜಿಸುವ ನಮಗೆ ಪೌರಕಾರ್ಮಿಕರ ಸಂಬಳ ಪಾವತಿಯಾಗುವ ಮನೆ ಅಷ್ಟು ದೂರವಾದದ್ದು ಏಕೆ?

ಮಠಗಳಿಗೆ ನಮ್ಮದೊಂದು ಬಿನ್ನಹ. ಬರುವ ಬಸವ ಜಯಂತಿಯ ವೇದಿಕೆಯಲ್ಲಿ ಒಂದು ಸಂಜೆ ಶಾಸಕ, ಸಚಿವರನ್ನು ಬಿಟ್ಟು, ಆ ಊರಿನ ವಾರ್ಡ್ ಸದಸ್ಯರನ್ನು ಕರೆಯಿರಿ. ಸದಸ್ಯರೇ ಇಲ್ಲದ ಊರಾದರೆ ಆಡಳಿತಾಧಿಕಾರಿಯನ್ನು ಕರೆಯಿರಿ. ಹಾರ, ಶಾಲು ಬೇಡ. ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಗುತ್ತಿಗೆ ಪೌರಕಾರ್ಮಿಕರಿಗೆ ಈ ತಿಂಗಳ ಸಂಬಳ ಆಯಿತೇ ಎಂದು ಮಠದ ಅಂಗಳದಲ್ಲಿ ಕುಳಿತ ಜನರೇ ಕೇಳಲಿ. ಉತ್ತರವನ್ನು ಮಠದ ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ವರ್ಷ ಅದೇ ವೇದಿಕೆಯಲ್ಲಿ ಓದಿ.