ಬೆಕ್ಕು ಕೆರೆದುಕೊಂಡರೆ ಮನೆ ನೋಡಿ

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ರಸ್ತೆಯಲ್ಲಿ, ರಾಜ್ಯದ ಗಡಿ ಇನ್ನೇನು ಬಂತು ಎನ್ನುವಾಗ ಪುಣಜನೂರು ಸಿಗುತ್ತದೆ. ಸುತ್ತ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇರುವುದರಿಂದ ವಾಹನಗಳು ನಿಲ್ಲುತ್ತವೆ, ನಿಂತವರು ಟೀ ಕುಡಿಯುತ್ತಾರೆ. ಅಲ್ಲಿಯ ಒಂದು ಟೀ ಅಂಗಡಿಯಲ್ಲಿ ಕುಳಿತಿದ್ದಾಗ ಬೆಂಚಿನ ಕೆಳಗೆ ಬೂದು ಬಣ್ಣದ ಬೆಕ್ಕೊಂದು ಬಿಡುವಿಲ್ಲದೆ ಕೆರೆದುಕೊಳ್ಳುತ್ತಿತ್ತು. ಹೊಟ್ಟೆಯ ಮೇಲೆ, ಹಿಂದೊಡೆಯ ಒಳಭಾಗದಲ್ಲಿ ಕೂದಲೇ ಇರಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ.

“ಹೋದ ಗೌರಿ ಹಬ್ಬದಿಂದ್ಲೂ ಹಿಂಗೇಯ ಸಾ. ಬೇವಿನೆಣ್ಣೆ ಹಚ್ಚಾಯ್ತು. ಇನ್ನು ದನದ ಉಣ್ಣೆಗೆ ತಂದಿರೋ ಔಷ್ದಿ ಹಾಕ್ಬೇಕು” ಎಂದರು ಅಂಗಡಿಯಾಕೆ.

ಖಂಡಿತ ಹಾಕಬೇಡಿ ತಾಯಿ, ಡಾಕ್ಟರಿಗೆ ತೋರಿಸಿ ಎಂದೆ. “ಹಸಕ್ಕಾದ್ರೆ ಸರಿ, ಬೆಕ್ಕಿಗೂ ಡಾಕ್ಟ್ರಾ ಸಾ?” ಎಂದು ಆಕೆ ನಕ್ಕರು. ಅವರ ಕಂಕುಳಲ್ಲಿದ್ದ ಮಗುವಿನ ಮುಂಗೈ ಮೇಲೆ ಕೆಂಪು ಉಂಗುರದಂಥ ಎರಡು ಗುರುತುಗಳಿದ್ದವು. ಅದಕ್ಕೆ ಔಷಧಿ ಅಂಗಡಿಯವರು ಕೊಟ್ಟ ಯಾವುದೋ ಟ್ಯೂಬ್ ಹಚ್ಚುತ್ತಿದ್ದರಂತೆ.

ಮನುಷ್ಯರ ಆರೋಗ್ಯದ ಅಂಕಣದಲ್ಲಿ ಬೆಕ್ಕಿನ ವಿಚಾರವೇಕೆ ಎಂದು ಓದುಗರು ಕೇಳಬಹುದು. ಆ ಮಗುವಿನ ಮುಂಗೈಯೇ ಕಾರಣ. ಬೆಕ್ಕಿನ ನವೆಯನ್ನು ನಾವು ಬೆಕ್ಕಿನ ಸಂಕಟವೆಂದು ಬಿಟ್ಟುಬಿಡುತ್ತೇವೆ. ಮನೆಯವರ ನವೆಗೆ ಬೇರೆಯಾಗಿ ಹಣ ಸುರಿಯುತ್ತೇವೆ. ಎರಡನ್ನೂ ಒಟ್ಟಿಗೆ ನೋಡುವವರು ಯಾರೂ ಇಲ್ಲ.

ತಿಂಗಳುಗಟ್ಟಲೆ ಬಿಡದ ನವೆಗೆ ಮೊದಲ ಆರೋಪಿ ಚಿಗಟ. “ನಮ್ಮ ಬೆಕ್ಕಿಗೆ ಚಿಗಟವಿಲ್ಲ, ನಾನೇ ನೋಡಿದ್ದೇನೆ” ಎನ್ನುವವರು ಬಹಳ. ಬೆಕ್ಕು ಸ್ವಭಾವತಃ ಶುಚಿ. ನಾಲಗೆಯಿಂದ ನೆಕ್ಕಿ ನೆಕ್ಕಿ ಚಿಗಟವನ್ನು ನುಂಗಿಬಿಡುತ್ತದೆ. ಅಲ್ಲದೆ ಚಿಗಟದ ಜೊಲ್ಲು ಒಗ್ಗದ ಬೆಕ್ಕಿಗೆ ಒಂದೆರಡು ಕಡಿತವೇ ಸಾಕು, ದಿನಗಟ್ಟಲೆ ಮೈಯೆಲ್ಲ ಉರಿಯುತ್ತದೆ. ಬಾಲದ ಬುಡದಲ್ಲಿ, ಕತ್ತಿನ ಸುತ್ತ ಕೈಯಾಡಿಸಿದರೆ ಕೂದಲ ನಡುವೆ ರಾಗಿಕಾಳು ಚೆಲ್ಲಿದಂತೆ ಸಣ್ಣ ಹಕ್ಕಳೆಗಳು ಸಿಗುತ್ತವೆ. ವೈದ್ಯಶಾಸ್ತ್ರ ಇದಕ್ಕೆ ಕೊಟ್ಟ ‘ಮಿಲಿಯರಿ’ ಎಂಬ ಹೆಸರೂ ಸಿರಿಧಾನ್ಯದ ಕಾಳಿನಿಂದಲೇ ಬಂದದ್ದು. ನಮ್ಮ ಸೀಮೆಯವರಿಗೆ ವಿವರಿಸಿ ಹೇಳಬೇಕಿಲ್ಲ.

ಪರೀಕ್ಷೆ ಬಲು ಸುಲಭ. ಬಿಳಿ ಕಾಗದವನ್ನು ಒದ್ದೆ ಮಾಡಿ ಬೆಕ್ಕಿನ ಕೆಳಗಿಟ್ಟು, ಹೇನು ತೆಗೆಯುವ ಬಾಚಣಿಗೆಯಿಂದ ಬಾಚಬೇಕು. ಉದುರಿದ ಕರಿ ಚುಕ್ಕೆಗಳು ಬರೀ ಮಣ್ಣಾದರೆ ಹಾಗೇ ಉಳಿಯುತ್ತವೆ; ಚಿಗಟದ ಹಿಕ್ಕೆಯಾದರೆ ಸುತ್ತಲೂ ಕೆಂಗಂದು ಬಣ್ಣ ಹರಡುತ್ತದೆ, ಏಕೆಂದರೆ ಅದು ಬೆಕ್ಕಿನದೇ ಜೀರ್ಣವಾದ ರಕ್ತ. ಅಂಗಡಿಯಾಕೆಯ ಎದುರಿಗೇ ಮಾಡಿ ತೋರಿಸಿದೆ. ಕಾಗದ ಕೆಂಪಾಯಿತು. ಆಕೆಯ ನಗು ನಿಂತಿತು.

ಇನ್ನು ಮದ್ದಿನ ಮಾತು. ನನ್ನ ದೃಢವಾದ ಅಭಿಪ್ರಾಯವೆಂದರೆ, ನವೆಯಿಂದ ಸಾಯುವ ಬೆಕ್ಕುಗಳಿಗಿಂತ ನವೆಯ ಮದ್ದಿನಿಂದ ಸಾಯುವ ಬೆಕ್ಕುಗಳೇ ಹೆಚ್ಚು. ಅನೇಕ ಔಷಧ, ರಾಸಾಯನಿಕಗಳನ್ನು ಮನುಷ್ಯ ಮತ್ತು ನಾಯಿಗಳ ಯಕೃತ್ತು ಒಡೆದು ಹೊರಹಾಕುವ ರೀತಿಯಲ್ಲಿ ಬೆಕ್ಕಿನ ಯಕೃತ್ತು ಹಾಕಲಾರದು. ನಮ್ಮ ಜ್ವರ ಇಳಿಸುವ ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಮೇಲಾಗಿ ಮೈಗೆ ಹಚ್ಚಿದ್ದೆಲ್ಲ ಸಂಜೆಯೊಳಗೆ ಅದರ ಹೊಟ್ಟೆಯಲ್ಲಿರುತ್ತದೆ. ಫಿನಾಯಿಲ್, ಡೆಟಾಲ್, ಸೀಮೆಎಣ್ಣೆ, ಮನುಷ್ಯರ ಕಜ್ಜಿಗೆ ಹಚ್ಚುವ ಬೆಂಜೈಲ್ ಬೆಂಜೋಯೇಟ್ ಎಲ್ಲವೂ ಅದಕ್ಕೆ ವಿಷ. ನಾಯಿಯ ಚಿಗಟಕ್ಕೆಂದು ಮಾರುವ ಪರ್ಮೆಥ್ರಿನ್ ಹನಿಗಳು ಬೆಕ್ಕಿನಲ್ಲಿ ನಡುಕ, ಸೆಳವು ತರುತ್ತವೆ. ದನದ ಉಣ್ಣೆಗೆಂದು ಹಟ್ಟಿಯಲ್ಲಿ ಇಟ್ಟುಕೊಂಡಿರುವ ಡೆಲ್ಟಾಮೆಥ್ರಿನ್, ಅಮಿತ್ರಾಜ್‌ಗಳನ್ನಂತೂ ಬೆಕ್ಕಿನ ಹತ್ತಿರ ತರಲೇಬಾರದು. ಹಿಂದೆ ಗಮಾಕ್ಸಿನ್ ಪುಡಿ ಎರಚುತ್ತಿದ್ದ ಕಾಲವೊಂದಿತ್ತು, ಆ ಬಿ.ಎಚ್.ಸಿ.ಯನ್ನು 1997ರಲ್ಲಿ ದೇಶದಲ್ಲೇ ನಿಷೇಧಿಸಲಾಯಿತು. ಬೇವಿನ ಎಣ್ಣೆ ನಮ್ಮದೇ, ಸಾಧು ಎಂದು ನಂಬಿ ಧಾರಾಳವಾಗಿ ಸವರುವುದೂ ಬೇಡ. ನೆಕ್ಕಿದ ಬೆಕ್ಕು ಜೊಲ್ಲು ಸುರಿಸುತ್ತ ನಡುಗುವುದುಂಟು.

ಬೆಕ್ಕಿಗೆಂದೇ ತಯಾರಾದ ಫಿಪ್ರೊನಿಲ್ ಅಥವಾ ಸೆಲಮೆಕ್ಟಿನ್ ಹನಿಗಳಿವೆ. ತೂಕ ನೋಡಿ, ನಾಲಗೆಗೆ ಎಟುಕದ ಹಿಂಗತ್ತಿನ ಮೇಲೆ ತಿಂಗಳಿಗೊಮ್ಮೆ ಹಾಕುವಂಥವು. ಆದರೆ ಒಮ್ಮೆ ಹಾಕಿ “ಏನೂ ಗುಣ ಕಾಣಲಿಲ್ಲ” ಎಂದು ಕೈಬಿಡುವುದೇ ಹೆಚ್ಚು. ಬೆಕ್ಕಿನ ಮೈಮೇಲಿರುವ ಬಲಿತ ಚಿಗಟಗಳು ಒಟ್ಟು ಸಂತತಿಯಲ್ಲಿ ನೂರಕ್ಕೆ ಐದರಷ್ಟು ಮಾತ್ರ ಎಂಬುದು ಸಾಮಾನ್ಯ ಅಂದಾಜು. ಉಳಿದದ್ದು ಮೊಟ್ಟೆ, ಮರಿಹುಳು, ಕೋಶಗಳ ರೂಪದಲ್ಲಿ ಮನೆಯಲ್ಲಿದೆ: ಬೆಕ್ಕು ಮಲಗುವ ಗೋಣಿಚೀಲ, ಚಾಪೆಯ ಅಡಿ, ನೆಲದ ಬಿರುಕು, ಸೌದೆ ಒಟ್ಟಿದ ಮೂಲೆ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆಯಿಡುತ್ತದೆ. ಕೋಶದೊಳಗಿನ ಚಿಗಟ ತಿಂಗಳುಗಟ್ಟಲೆ ಸುಮ್ಮನಿದ್ದು, ಹೆಜ್ಜೆಯ ಅದುರು ಮತ್ತು ಮೈಬಿಸಿ ತಗಲಿದೊಡನೆ ಹೊರಬೀಳುತ್ತದೆ. ಬೀಗ ಹಾಕಿದ್ದ ಮನೆ ತೆರೆದಾಗ ಕಾಲಿಗೆ ಮುತ್ತುವುದು ಇದೇ.

ಹಾಗೆಂದು ಮನೆಗೆಲ್ಲ ಕೀಟನಾಶಕ ಸಿಂಪಡಿಸಿ ಎನ್ನಲಾರೆ. ಚಾಮರಾಜನಗರ ಜಿಲ್ಲೆ ರೇಷ್ಮೆಯ ಜಿಲ್ಲೆ. ಹುಳು ಸಾಕುವ ಮನೆಯಲ್ಲಿ ಅದರ ಗಾಳಿ ಸೋಕಿದರೂ ಬೆಳೆ ಹೋಯಿತು. ಇಲಿಯಿಂದ ಹುಳು ಕಾಪಾಡಲೆಂದೇ ಬೆಕ್ಕು ಸಾಕಿರುತ್ತಾರೆ, ಅದೂ ಬೇಕು, ಹುಳುವೂ ಬೇಕು. ಆದ್ದರಿಂದ ಬಿಸಿಲು ಮತ್ತು ಕುದಿಯುವ ನೀರೇ ಗತಿ. ಬೆಕ್ಕಿನ ಹಾಸನ್ನು ವಾರಕ್ಕೊಮ್ಮೆ ಕುದಿನೀರಲ್ಲಿ ಅದ್ದಿ ಸುಡುಬಿಸಿಲಿಗೆ ಹಾಕಬೇಕು. ಮೂಲೆಮುಡುಕು ದಿನವೂ ಗುಡಿಸಿ ಕಸವನ್ನು ಸುಡಬೇಕು, ತಿಪ್ಪೆಗೆ ಒಯ್ಯಬಾರದು. ಮನೆಯ ನಾಯಿಗೂ ಅದೇ ವೇಳೆ ಅದಕ್ಕೆ ತಕ್ಕ ಮದ್ದಾಗಬೇಕು. ಇಷ್ಟನ್ನು ಮೂರು ತಿಂಗಳು ಬಿಡದೆ ನಡೆಸಬೇಕು. ಬೇಸರದ ಕೆಲಸ, ಒಪ್ಪುತ್ತೇನೆ.

ಇದಾದರೂ ನವೆ ಹೋಗದಿದ್ದರೆ ಬೇರೆ ಕಾರಣ ಹುಡುಕಬೇಕು. ಕಿವಿಯಂಚಿನಿಂದ ಶುರುವಾಗಿ ಮುಖಕ್ಕೆ ಹಬ್ಬುವ ಬೂದು ಹಕ್ಕಳೆ ನುಸಿಯಿಂದಾಗುವ ಕಜ್ಜಿ. ಎತ್ತಿ ಮುದ್ದಾಡುವವರ ತೋಳು, ಎದೆಗೂ ಕೆಲವು ದಿನ ತುರಿಕೆ ತರುತ್ತದೆ. ಆಹಾರ ಒಗ್ಗದೆಯೂ ನವೆ ಬರಬಹುದು. ಹಿಂದೆ ತಿನ್ನದ ಒಂದೇ ಬಗೆಯ ಮಾಂಸವನ್ನು ಕನಿಷ್ಠ ಎಂಟು ವಾರ ಕೊಟ್ಟು ನೋಡದೆ ಅದು ತಿಳಿಯದು. ಇವನ್ನೆಲ್ಲ ಪಶುವೈದ್ಯರೇ ನಿರ್ಧರಿಸಬೇಕು.

ಹುಳುಕಡ್ಡಿಯದು ಬೇರೆಯೇ ಕಥೆ. ಈ ಶಿಲೀಂಧ್ರ ತಗಲಿದ ಬೆಕ್ಕು ಹೆಚ್ಚು ಕೆರೆದುಕೊಳ್ಳದೆಯೂ ಇರಬಹುದು, ಕೆಲವಂತೂ ನೋಡಲು ಲಕ್ಷಣವಾಗೇ ಇರುತ್ತವೆ. ಮಕ್ಕಳಿಗೆ ಮಾತ್ರ ಉಂಗುರ ಏಳುತ್ತದೆ. ಎಲ್ಲ ಹುಳುಕಡ್ಡಿಯೂ ಬೆಕ್ಕಿನಿಂದ ಬಂತೆನ್ನುವುದು ತಪ್ಪು. ಮನುಷ್ಯರಿಂದ ಮನುಷ್ಯರಿಗೆ ಹರಡುವುದೇ ಈಗ ಹೆಚ್ಚು. ಆದರೆ ಅಂಗಡಿಯಲ್ಲಿ ಕೇಳಿ ತರುವ ಟ್ಯೂಬುಗಳಲ್ಲಿ ಬಹುತೇಕ ಸ್ಟೀರಾಯ್ಡ್ ಬೆರೆತಿರುತ್ತದೆ. ಕೆಂಪು ಇಳಿಯುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ‘ಎಚ್’ ಪಟ್ಟಿಗೆ ಸೇರಿಸಿತು. ಮಾರಾಟ ನಿಂತಿಲ್ಲ.

ಇದಕ್ಕೆ ಬಡವರ ಅಜ್ಞಾನವನ್ನು ದೂರುವುದು ನನಗೆ ಸರಿಕಾಣದು. 2019ರ ಜಾನುವಾರು ಗಣತಿಯಲ್ಲಿ ನಾಯಿ, ಮೊಲ, ಆನೆಗೂ ಲೆಕ್ಕವಿತ್ತು, ಬೆಕ್ಕಿಗೆ ಇರಲಿಲ್ಲ. ಲೆಕ್ಕದಲ್ಲಿಲ್ಲದ ಪ್ರಾಣಿಗೆ ಔಷಧಿ ದಾಸ್ತಾನು ಎಲ್ಲಿಂದ ಬರಬೇಕು? ಹೋಬಳಿ ಮಟ್ಟದ ಪಶುಚಿಕಿತ್ಸಾಲಯಗಳಲ್ಲಿ ಬೆಕ್ಕಿನ ಚಿಗಟದ ಹನಿ ಒಂದನ್ನಾದರೂ ಇಡಬೇಕು. ಚರ್ಮದ ತೊಂದರೆ ಹೇಳಿಕೊಂಡು ಬಂದವರನ್ನು “ಮನೆಯಲ್ಲಿ ಬೆಕ್ಕಿದೆಯೇ, ಅದರ ಮೈ ಹೇಗಿದೆ” ಎಂದು ನಮ್ಮ ವೈದ್ಯ ಮಿತ್ರರು ಕೇಳಬೇಕು. ಇದಕ್ಕೆ ಖರ್ಚಿಲ್ಲ.

ಮದ್ದು ಹಾಕುವಾಗ ಬೆಕ್ಕು ಕಚ್ಚಿದರೆ, ಪರಚಿದರೆ ಹರಿಯುವ ನೀರಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆಯ ಬಗ್ಗೆ ಕೇಳಿ. ಸಾಕಿದ ಬೆಕ್ಕು ತಾನೇ ಎನ್ನಬೇಡಿ.

ಟೀ ಅಂಗಡಿಯಾಕೆಗೆ ಪಶು ಚಿಕಿತ್ಸೆಯ ಸಹಾಯವಾಣಿ 1962 ಎಂದು ಸಿಗರೇಟಿನ ಪೊಟ್ಟಣದ ಮೇಲೆ ಬರೆದುಕೊಟ್ಟೆ. ಟ್ಯೂಬ್ ನಿಲ್ಲಿಸಿ ಮಗುವನ್ನು ಚರ್ಮದ ವೈದ್ಯರಿಗೆ ತೋರಿಸಲು ಹೇಳಿದೆ. ಆಕೆ ಚೀಟಿಯನ್ನು ಗಲ್ಲಾ ಪೆಟ್ಟಿಗೆಗೆ ಹಾಕಿ, ಬೆಕ್ಕು ಮಲಗಿದ್ದ ಗೋಣಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ಬಿಸಿಲಿಗೆ ಒಯ್ದರು.