ಕಾರಿಗೆ ಸ್ಟೀರಿಯೋ ಹಾಕಿಸುವ ಮುನ್ನ

ಸೋದರಿಯರೇ, ಕಾರಿನ ವಿಷಯ ಬಂದಾಗ ನಮ್ಮಲ್ಲಿ ಬಹಳ ಮಂದಿ ‘ಅದೆಲ್ಲ ಯಜಮಾನರದು’ ಎಂದು ಅಡಿಗೆಮನೆ ಕಡೆ ಹೊರಟುಬಿಡುತ್ತೇವೆ. ಆದರೆ ಹಣ ಹೊಂದಿಸುವಾಗ ಮಾತ್ರ ಎಲ್ಲರ ಕಣ್ಣೂ ನಮ್ಮ ಚೀಟಿ ದುಡ್ಡಿನ ಮೇಲೆ! ಹಾಗಿದ್ದ ಮೇಲೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ತಿಳಿದುಕೊಳ್ಳುವುದರಲ್ಲಿ ತಪ್ಪೇನು?

ಕಡಿಮೆ ಬೆಲೆಯ ಮಾದರಿ ಕಾರು ಕೊಂಡವರಿಗೆ ಡ್ಯಾಶ್‌ಬೋರ್ಡಿನ ನಡುವೆ ಒಂದು ಖಾಲಿ ಮುಚ್ಚಳ ಕಾಣುತ್ತದೆ. ಸ್ಟೀರಿಯೋ ನಾವೇ ಹಾಕಿಸಿಕೊಳ್ಳಬೇಕು. ಇನ್ನು ಕೆಲವರ ಕಾರಿನಲ್ಲಿ ಸ್ಟೀರಿಯೋ ಇರುತ್ತದೆ, ಆದರೆ ಮಕ್ಕಳಿಗೆ ದೊಡ್ಡ ಪರದೆಯದೇ ಬೇಕು. ಎರಡಕ್ಕೂ ಅಂಗಡಿಯವರು ಹೇಳುವ ಮಾತು ಒಂದೇ: “ಅರ್ಧ ಗಂಟೆ ಕೆಲಸ ಮೇಡಂ, ಕಾಫಿ ಕುಡಿದು ಬನ್ನಿ.” ನನ್ನ ಮಾತು ಕೇಳಿ, ಕಾಫಿಗೆ ಹೋಗಬೇಡಿ. ಅಲ್ಲೇ ಒಂದು ಸ್ಟೂಲು ಹಾಕಿಸಿಕೊಂಡು ಕೂತಿರಿ.

ಕಾರಿನಲ್ಲಿ ರೇಡಿಯೋ ಎಂಬುದು ಹೊಸದೇನಲ್ಲ. ಅಮೆರಿಕದ ಗಾಲ್ವಿನ್ ಕಂಪನಿ ‘ಮೋಟೊರೋಲಾ’ ಎಂಬ ಹೆಸರಿನಲ್ಲಿ ಕಾರ್ ರೇಡಿಯೋ ಮಾರಲು ಶುರು ಮಾಡಿದ್ದು 1930ರಲ್ಲೇ. ಆಗಿನಿಂದ ಬಹಳ ವರ್ಷ ಇದು ಸರಳ ಕೆಲಸವೇ ಆಗಿತ್ತು. ಕರೆಂಟಿಗೆ ಒಂದೆರಡು ವೈರು, ಸ್ಪೀಕರಿಗೆ ನಾಲ್ಕಾರು ವೈರು, ಮುಗಿಯಿತು. ಈಗಿನ ಕಾರು ಹಾಗಲ್ಲ. ಇಂಜಿನ್, ಬ್ರೇಕು, ಬಾಗಿಲು, ಸ್ಟೀರಿಂಗ್ ಮೇಲಿನ ಗುಂಡಿ, ಇವೆಲ್ಲ ಒಂದಕ್ಕೊಂದು ಮಾತಾಡಿಕೊಳ್ಳುವುದಕ್ಕೆ ‘ಕ್ಯಾನ್’ ಎಂಬ ಒಂದು ಜೋಡಿ ವೈರಿನ ಏರ್ಪಾಡಿದೆ. ಇದನ್ನು ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಹೊರಗೆ ತಂದಿತು. (ಆಡುಗೋಡಿಯ ‘ಮೈಕೋ’ ಎಂದರೆ ಹಳಬರಿಗೆಲ್ಲ ಗೊತ್ತಲ್ಲ, ಅದರ ಮೂಲಮನೆಯೇ ಇದು.) ಓಣಿಯ ಬಾವಿಕಟ್ಟೆ ಇದ್ದ ಹಾಗೆ ಅನ್ನಿ! ಅಲ್ಲಿ ಒಬ್ಬರು ಆಡಿದ್ದು ಎಲ್ಲರ ಕಿವಿಗೂ ಬೀಳುತ್ತದೆ. ಅನೇಕ ಕಾರುಗಳಲ್ಲಿ ಸ್ಟೀರಿಯೋ ಕೂಡ ಈ ಮಾತುಕತೆಯಲ್ಲಿ ಸೇರಿರುತ್ತದೆ. ಅಂಥಾ ಕಡೆ ಕೈಗೆ ಸಿಕ್ಕಿದ ವೈರು ಕತ್ತರಿಸಿದರೆ ಹಾಡು ನಿಲ್ಲುವುದೊಂದೇ ಅಲ್ಲ, ಸಂಬಂಧವೇ ಇಲ್ಲದ ಇನ್ನೊಂದು ಕಡೆ ದೀಪ ಹತ್ತಿಕೊಂಡು ಕೂತೀತು.

ಆದ್ದರಿಂದ ಮೊದಲ ಪ್ರಶ್ನೆ ಇದು: “ಏನಪ್ಪಾ, ವೈರ್ ಕಟ್ ಮಾಡ್ತೀಯಾ, ಕಪ್ಲರ್ ಹಾಕ್ತೀಯಾ?” ಕಪ್ಲರ್ ಅಂದರೆ ಒಂದು ತುದಿ ನಿಮ್ಮ ಕಾರಿನ ಪ್ಲಗ್ಗಿಗೆ, ಇನ್ನೊಂದು ತುದಿ ಹೊಸ ಸ್ಟೀರಿಯೋಗೆ ಕೂರುವಂಥ ಜೋಡಣೆ. ಕಾರಿನ ಒಂದು ಎಳೆಯನ್ನೂ ಕತ್ತರಿಸಬೇಕಾಗಿಲ್ಲ. ನಾಳೆ ಬೇಡವೆನಿಸಿದರೆ ಬಿಚ್ಚಿ ಹಳೆಯದನ್ನೇ ಹಾಕಬಹುದು. ಸ್ಟೀರಿಂಗ್ ಮೇಲಿನ ಗುಂಡಿಗಳು ಕೆಲಸ ಮಾಡಬೇಕಾದರೆ ಕೆಲವು ಕಾರಿಗೆ ಕಪ್ಲರ್ ಜೊತೆ ಒಂದು ಪುಟ್ಟ ‘ಕ್ಯಾನ್ ಬಾಕ್ಸ್’ ಕೂಡ ಬೇಕಾಗುತ್ತದೆ. ಇದಕ್ಕೆ ಹೆಚ್ಚು ದುಡ್ಡು ಕೇಳಿದರೆ ಕೊಟ್ಟುಬಿಡಿ. ಚೌಕಾಸಿ ಬೇಕಾದರೆ ಸೀಟ್ ಕವರಿನಲ್ಲಿ ಮಾಡೋಣ, ಇಲ್ಲಿ ಬೇಡ. ಕತ್ತರಿಸಿದ ವೈರಿನಿಂದ ದೋಷ ಬಂತು ಎಂದಾದರೆ ಅದರ ವಾರಂಟಿಗೆ ಕಾರಿನ ಕಂಪನಿಯವರು ಕೈ ಎತ್ತುವುದು ಖಂಡಿತ.

ಕಪ್ಲರ್ ಸಿಗದ ಹಳೇ ಕಾರಿದ್ದರೆ ವೈರು ಜೋಡಿಸುವುದು ಅನಿವಾರ್ಯ. ಆಗಲೂ ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಅಪ್ಪಿಕೊಳ್ಳುವ ಸ್ಲೀವು ತೊಡಿಸಬೇಕು. ಬರೀ ತಿರುಚಿ ಕಪ್ಪು ಟೇಪು ಸುತ್ತಿದರೆ ಸಾಲದು. ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಕಾವು ಎಷ್ಟೆಂದು ಕೂತವರಿಗೆ ಗೊತ್ತು. ಟೇಪಿನ ಅಂಟು ಕರಗಿ ಜಾರುತ್ತದೆ, ಬರಿಮೈ ವೈರು ಕಬ್ಬಿಣಕ್ಕೆ ತಾಗುತ್ತದೆ. ಫ್ಯೂಸು ಹೋದರೆ ಪುಣ್ಯ, ಹೋಗದಿದ್ದರೆ ಬೆಂಕಿ. ಫ್ಯೂಸು ಪದೇ ಪದೇ ಹೋಗುತ್ತಿದೆ ಎಂದು ದೊಡ್ಡ ನಂಬರಿನದು ಹಾಕುವವರೂ ಉಂಟು! ಅದು ಹಾಲು ಉಕ್ಕದಿರಲಿ ಎಂದು ಪಾತ್ರೆ ಮೇಲೆ ರುಬ್ಬುಗುಂಡು ಇಟ್ಟಂತೆ.

ಈಗ ಬಣ್ಣದ ಮಾತು. ಸೀರೆಯಂಚಿನ ಬಣ್ಣ ನೆನಪಿಡುವ ನಮಗೆ ಇದೇನು ಕಷ್ಟವಲ್ಲ. ಹೊಸ ಸ್ಟೀರಿಯೋ ಹಿಂದೆ ಹಳದಿ, ಕೆಂಪು, ಕಪ್ಪು ಎಂಬ ಮೂರು ಮುಖ್ಯ ವೈರು. ಕಪ್ಪು ಭೂಮಿಗೆ, ಅಂದರೆ ಕಾರಿನ ಮೈಗೆ. ಹಳದಿಗೆ ಸದಾ 12 ವೋಲ್ಟ್ ಬರುತ್ತಿರಬೇಕು. ಗಡಿಯಾರ, ನೀವು ಹುಡುಕಿಟ್ಟ ಸ್ಟೇಷನ್ನು, ಎಲ್ಲದರ ನೆನಪು ಅದರಿಂದ. ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರಬೇಕು. (ಇದು ಸ್ಟೀರಿಯೋ ಕಡೆಯ ಬಣ್ಣ. ಕಾರಿನ ಕಡೆಯ ಬಣ್ಣ ಒಂದೊಂದು ಕಂಪನಿಗೆ ಒಂದೊಂದು, ಮೀಟರು ಹಿಡಿದೇ ನೋಡಬೇಕು.) ನಮ್ಮ ಬೀದಿಯಲ್ಲೇ ಒಬ್ಬರು ಮಗಳ ಸೀಮಂತಕ್ಕೆಂದು ಬೆಳಗಿನ ಜಾವ ಹೊರಟು ನಿಂತರೆ ಕಾರು ಕಮಕ್ ಕಿಮಕ್ ಅನ್ನಲಿಲ್ಲ. ಹೂವು, ಹಣ್ಣು, ಚಕ್ಕುಲಿ ಡಬ್ಬ ಎಲ್ಲ ಡಿಕ್ಕಿಯಲ್ಲಿ, ಬ್ಯಾಟರಿ ಮಾತ್ರ ಸತ್ತಿದೆ! ಬಿಚ್ಚಿ ನೋಡಿದರೆ ಸ್ಟೀರಿಯೋ ಹಾಕಿದವನು ಕೆಂಪು ಹಳದಿ ಎರಡನ್ನೂ ಸೇರಿಸಿ ತಿರುಚಿದ್ದ. ಲೆಕ್ಕ ನೀವೇ ಹಾಕಿ. ಚಿಕ್ಕ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಅಂತಿಟ್ಟುಕೊಳ್ಳಿ. ಸ್ಟೀರಿಯೋ ಗಂಟೆಗೆ ಒಂದೇ ಆಂಪಿಯರ್ ಲೆಕ್ಕದಲ್ಲಿ ಎಳೆದರೂ ಒಂದು ದಿನಕ್ಕೆ 24 ಹೋಯಿತು. ಉಳಿದದ್ದರಲ್ಲಿ ಇಂಜಿನ್ ಎದ್ದೇಳುತ್ತದೆಯೇ?

ಇದನ್ನು ಕಂಡುಹಿಡಿಯಲು ಇಂಜಿನಿಯರ್ ಆಗಬೇಕಿಲ್ಲ. ಅಂಗಡಿಯಲ್ಲೇ ಕೀಲಿ ತೆಗೆಸಿ, ಬಾಗಿಲು ತೆರೆಸಿ. ಆಮೇಲೂ ಹಾಡು ನಿಲ್ಲದಿದ್ದರೆ ಕೆಂಪು ತಪ್ಪು ಜಾಗದಲ್ಲಿದೆ. ಮತ್ತೆ ಕೀಲಿ ತಿರುಗಿಸಿದಾಗ ಗಡಿಯಾರ, ಸ್ಟೇಷನ್ನು ಎಲ್ಲ ಮರೆತಿದ್ದರೆ ಹಳದಿಗೆ ಸದಾ ಸಿಗಬೇಕಾದ ಕರೆಂಟು ಸಿಗುತ್ತಿಲ್ಲ. ಇಷ್ಟು ಹೇಳಿ ನೋಡಿ, ಅಂಗಡಿಯವರ ದನಿಯೇ ಬದಲಾಗುತ್ತದೆ!

ನೀಲಿ ವೈರಿನ ಬಗ್ಗೆ ಆಕಾಶವಾಣಿ ಕೇಳುವವರು ಗಮನಿಸಿ. ಕಾರಿನ ಮೇಲೆ ಗಿಡ್ಡ ಏರಿಯಲ್ ಅಥವಾ ಮೀನಿನ ರೆಕ್ಕೆಯಂಥದ್ದು ಇದ್ದರೆ ಅದರೊಳಗೆ ದನಿ ಹಿಗ್ಗಿಸುವ ಸಣ್ಣ ಯಂತ್ರ ಇರುತ್ತದೆ, ಅದಕ್ಕೂ ಕರೆಂಟು ಬೇಕು. ನೀಲಿ ವೈರು ಬಿಟ್ಟುಬಿಟ್ಟರೆ ಊರೊಳಗೇ ಎಫ್.ಎಂ. ಗೊರಗೊರ ಎನ್ನುತ್ತದೆ. ತಪ್ಪು ಸ್ಟೇಷನ್ನಿನದಲ್ಲ.

ಡಬ್ಬದ ಮೇಲೆ ‘50 ವಾಟ್, ನಾಲ್ಕು ಸ್ಪೀಕರಿಗೆ’ ಎಂದು ಬರೆದಿರುವುದಕ್ಕೆ ಮರುಳಾಗಬೇಡಿ. ಅದು ಕ್ಷಣಕಾಲದ ಲೆಕ್ಕ. 12 ವೋಲ್ಟಿನ ಕಾರಿನಲ್ಲಿ ಅಂಥ ಸ್ಟೀರಿಯೋ ನಿರಂತರವಾಗಿ ಕೊಡುವುದು ಒಂದು ಸ್ಪೀಕರಿಗೆ 20 ವಾಟಿನ ಆಸುಪಾಸು. ಭಾವಗೀತೆ ಕೇಳುವುದಕ್ಕೆ ಅಷ್ಟು ಧಾರಾಳ ಸಾಕು. ನನ್ನನ್ನು ಕೇಳಿದರೆ, ದೊಡ್ಡ ಪರದೆಗೆ ಸುರಿಯುವ ದುಡ್ಡಿನಲ್ಲಿ ಅರ್ಧವನ್ನು ಮುಂಬಾಗಿಲಿನ ಎರಡು ಒಳ್ಳೆಯ ಸ್ಪೀಕರಿಗೆ ಹಾಕಿದರೆ ಕಿವಿಗೆ ಹೆಚ್ಚು ಸುಖ. ಕಾರಿನ ಎ.ಸಿ. ಗುಂಡಿ, ಇತರ ಸೆಟ್ಟಿಂಗು ಎಲ್ಲ ಕಂಪನಿಯ ಪರದೆಯಲ್ಲೇ ಸೇರಿದ್ದರಂತೂ ಅದನ್ನು ಕೀಳಿಸಲೇಬೇಡಿ, ಸ್ಪೀಕರ್ ಬದಲಿಸಿ ಸುಮ್ಮನಿರಿ.

ಇನ್ನೊಂದು ವೈರು ಇದೆ, ಹ್ಯಾಂಡ್‌ಬ್ರೇಕಿನದು. ಬ್ರೇಕು ಎಳೆದು ನಿಲ್ಲಿಸಿದಾಗ ಮಾತ್ರ ಪರದೆಯಲ್ಲಿ ಸಿನಿಮಾ ಬರಲಿ ಎಂದು ಮಾಡಿರುವ ಏರ್ಪಾಡು ಅದು. ಬಹಳ ಅಂಗಡಿಗಳಲ್ಲಿ ಕೇಳದೆಯೇ ಅದನ್ನು ಮೈಗೆ ಸೇರಿಸಿ ‘ಓಡುವಾಗಲೂ ನೋಡಬಹುದು’ ಎಂದು ಉಪಕಾರ ಮಾಡಿದ ಹಾಗೆ ಹೇಳುತ್ತಾರೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಗಾಡಿ ಓಡಿಸುವವರ ಕಣ್ಣು ಒಂದು ಕ್ಷಣ ಪರದೆಗೆ ಹೋದರೆ ಸಾಕು. ಹಿಂದೆ ಮಲಗಿರುವುದು ನಮ್ಮ ಮಕ್ಕಳು. ಆ ವೈರನ್ನು ಸರಿಯಾದ ಕಡೆಗೇ ಜೋಡಿಸಬೇಕು ಎಂದು ಗಟ್ಟಿಯಾಗಿ ಹೇಳಿ. ಮನೆಯವರು ಗೊಣಗಿದರೂ ಸರಿಯೇ.

ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಸಿ. ಹಳೇ ಸ್ಟೀರಿಯೋಗೆ ಗುಪ್ತಸಂಖ್ಯೆ ಇದ್ದರೆ ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಬ್ಯಾಟರಿ ಬಿಚ್ಚಿ ಕೆಲವು ನಿಮಿಷ ಕಾದು ಆಮೇಲೆ ಕೈ ಹಾಕಬೇಕು. ಹಳದಿ ಕೊಳವೆ ತೊಡಿಸಿದ ದಪ್ಪ ವೈರು ಕಂಡರೆ ಅದು ಏರ್‌ಬ್ಯಾಗಿನದು, ಅದರ ತಂಟೆಗೆ ಹೋಗಕೂಡದು. ವಿದ್ಯುತ್ ಕಾರಿನಲ್ಲೂ ಸ್ಟೀರಿಯೋಗೆ ಪ್ರತ್ಯೇಕ 12 ವೋಲ್ಟ್ ಬ್ಯಾಟರಿಯೇ ಇರುತ್ತದೆ. ಅಲ್ಲಿ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಿದರೆ ಪ್ರಾಣಾಪಾಯ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕನ್ನು ಸ್ಕ್ರೂಡ್ರೈವರಿನಿಂದ ಮೀಟಲು ಬಿಡಬೇಡಿ, ಅದಕ್ಕೆಂದೇ ಪ್ಲಾಸ್ಟಿಕ್ ಮೀಟುಗೋಲು ಬರುತ್ತದೆ. ಒಳಗಿನ ಕ್ಲಿಪ್ಪು ಒಂದು ಮುರಿದರೆ ಕಾರು ಇರುವ ತನಕ ಕಟಕಟ ಸದ್ದು.

ಎಲ್ಲ ಮುಗಿದ ಮೇಲೆ ಹೊರಡುವ ಅವಸರ ಬೇಡ. ಹಾರ್ನು, ಹೆಡ್‌ಲೈಟು, ವೈಪರು, ರಿವರ್ಸ್ ಕ್ಯಾಮರಾ ಒಂದೊಂದಾಗಿ ನೋಡಿ. ಮೊದಲಿಲ್ಲದ ಯಾವ ದೀಪವೂ ಮೀಟರಿನಲ್ಲಿ ಹತ್ತಿರಬಾರದು. ನಾಲ್ಕು ಸ್ಪೀಕರನ್ನೂ ಬೇರೆ ಬೇರೆ ಕೇಳಿ. ಎರಡೂ ಕೂಡಿದಾಗ ತಬಲಾದ ಗುಂಯ್ ಎನ್ನುವ ದನಿ ಸೊರಗಿದರೆ ಒಂದರ ಪ್ಲಸ್ ಮೈನಸ್ ಅದಲುಬದಲಾಗಿದೆ ಎಂದರ್ಥ. ಬಿಲ್ಲಿನಲ್ಲಿ ಸ್ಟೀರಿಯೋದ ನಂಬರು, ವಾರಂಟಿಯ ಅವಧಿ, ‘ಕಪ್ಲರ್ ಸಹಿತ’ ಎಂಬ ಮಾತು ಇರಲಿ. ಬಿಲ್ಲಿದ್ದರೆ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು, ಬರೀ ಚೀಟಿಯಿದ್ದರೆ ವಾದ ಕಷ್ಟ.

ಬಿಚ್ಚಿದ ಹಳೇ ಸ್ಟೀರಿಯೋ, ಖಾಲಿ ಮುಚ್ಚಳ, ಸ್ಕ್ರೂಗಳು ಎಲ್ಲ ನಿಮ್ಮವೇ. ಅಂಗಡಿಯ ಮೂಲೆಯಲ್ಲಿ ಬಿಟ್ಟು ಬರಬೇಡಿ. ಕಾರು ಮಾರುವಾಗ ಹೊಸದನ್ನು ಬಿಚ್ಚಿ ಇಟ್ಟುಕೊಂಡು ಹಳೆಯದನ್ನು ಮತ್ತೆ ಕೂರಿಸಬಹುದು. ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಸ್ಕ್ರೂ ಹಾಕಿ, ಕಾರಿನ ನಂಬರು ಬರೆದು ಅಟ್ಟದ ಮೇಲಿಡಿ.