ಹೊಗೆಗೆ ರಿಯಾಯಿತಿ, ಆವಿಗೆ ಸೆರೆಮನೆ

2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆಯ ಮೂಲಕವೂ ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತಿನ ಅಧಿನಿಯಮದ ಮೂಲಕವೂ ಭಾರತ ಸರ್ಕಾರವು ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳನ್ನು ಸಮಗ್ರವಾಗಿ ನಿಷೇಧಿಸಿ, ಪ್ರಥಮ ಅಪರಾಧಕ್ಕೇ ಒಂದು ವರ್ಷದವರೆಗಿನ ಕಾರಾಗೃಹವಾಸವನ್ನು ಗೊತ್ತುಪಡಿಸಿದಾಗ, ಎಳೆಯರನ್ನು ಹೊಸದೊಂದು ವ್ಯಸನದಿಂದ ಪಾರುಮಾಡುವ ಆ ಉದ್ದೇಶವನ್ನು ಅಲ್ಲಗಳೆದವರು ವಿರಳ. ನಮ್ಮ ಕರ್ನಾಟಕವಂತೂ ಮೂರು ವರ್ಷ ಮೊದಲೇ, 2016ರಲ್ಲಿ, ಅದೇ ಮಾರ್ಗವನ್ನು ಹಿಡಿದಿತ್ತು. ಉದ್ದೇಶವು ಸಾಧುವೇ ಸರಿ. ಆದರೆ ಲಘುವಾದ ಕೇಡಿಗೆ ಸೆರೆಮನೆಯನ್ನೂ ಗುರುವಾದ ಕೇಡಿಗೆ ಬೀದಿಬೀದಿಯ ಅಂಗಡಿಯನ್ನೂ ದಯಪಾಲಿಸಿರುವ ಈ ನೀತಿಯಲ್ಲಿ ತಾರತಮ್ಯಜ್ಞಾನವೇ ಲೋಪವಾಗಿದೆಯೆಂಬುದು ನನ್ನ ಆಕ್ಷೇಪ.

ತಂಬಾಕಿನಲ್ಲಿ ಮನುಷ್ಯನನ್ನು ಕಟ್ಟಿಹಾಕುವುದು ನಿಕೋಟಿನ್. ಅವನ ಶ್ವಾಸಕೋಶವನ್ನೂ ಹೃದಯವನ್ನೂ ಹಾಳುಗೆಡಹುವುದು ಬಹುಮಟ್ಟಿಗೆ ಎಲೆಯು ಉರಿಯುವಾಗ ಹುಟ್ಟುವ ಟಾರು, ಕಾರ್ಬನ್ ಮಾನಾಕ್ಸೈಡ್ ಮೊದಲಾದ ಸಾವಿರಾರು ದ್ರವ್ಯಗಳ ಹೊಗೆ. ದ್ರವವನ್ನು ಕಾಯಿಸಿ ಆವಿಯಾಗಿಸುವ ಇ-ಸಿಗರೇಟಿನಲ್ಲಿ, ಅಂದರೆ ವೇಪಿನಲ್ಲಿ, ದಹನವಿಲ್ಲವಾದ್ದರಿಂದಲೇ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು 2015ರಲ್ಲಿ ಅದರ ಹಾನಿಯು ಧೂಮಪಾನಕ್ಕಿಂತ ಸುಮಾರು ಶೇ 95ರಷ್ಟು ಕಡಮೆಯೆಂದು ಅಂದಾಜುಮಾಡಿತು. ಅಂದಾಜು ಅಂದಾಜೇ, ದೀರ್ಘಕಾಲದ ಪರಿಣಾಮವನ್ನು ಅರಿಯಲು ಇನ್ನೂ ದಶಕಗಳು ಕಳೆಯಬೇಕು, ಸಿಗರೇಟನ್ನೇ ಮುಟ್ಟದ ಹುಡುಗನು ಇದನ್ನು ಹಿಡಿದರೆ ಅದು ನಿಶ್ಚಯವಾಗಿಯೂ ಕೇಡು. 2019-20ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶ ಕೆಟ್ಟು 68 ಮಂದಿ ಮಡಿದುದನ್ನು ವೇಪಿನ ವಿರುದ್ಧ ಸಾಕ್ಷ್ಯವಾಗಿ ಹೇಳುವುದುಂಟು. ಅದರ ಮುಖ್ಯ ಕಾರಣ ಕಳ್ಳಪೇಟೆಯ ಗಾಂಜಾದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂದು ಬಳಿಕ ತಿಳಿಯಿತು. ಯಾರ ಪರೀಕ್ಷೆಗೂ ಒಳಪಡದ ಸರಕು ಅದು. ನಿಷೇಧದ ಅನಂತರ ಬೆಂಗಳೂರಿನಲ್ಲಿ ಕದ್ದುಮುಚ್ಚಿ ಮಾರಾಟವಾಗುತ್ತಿರುವುದೂ ಅಂತಹ ಸರಕೇ.

ನಿಷೇಧದ ಬದಲು ನಿಯಂತ್ರಣವನ್ನು ಆಯ್ದುಕೊಂಡ ಇಂಗ್ಲೆಂಡಿನಲ್ಲಿ ಹದಿನೆಂಟು ತುಂಬದವರಿಗೆ ವೇಪನ್ನು ಮಾರುವಂತಿಲ್ಲ, ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರಿದ ನಿಕೋಟಿನ್ ಕೂಡದು. ಮಕ್ಕಳ ಕೈಗೆ ಸುಲಭವಾಗಿ ಸಿಗುತ್ತಿದ್ದ, ಬಳಸಿ ಬಿಸಾಡುವ ಬಗೆಯನ್ನು 2025ರ ಜೂನಿನಿಂದ ನಿಲ್ಲಿಸಲಾಯಿತು. ನಮ್ಮಲ್ಲೋ, ಯಾವುದೇ ಊರಿನ ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಯ ಮುಂದೆ ಕ್ಷಣಕಾಲ ನಿಂತು ನೋಡಿ: ಗಿರಾಕಿಯು ‘ಒಂದು ಕೊಡಿ’ ಎನ್ನುವನು, ಅಂಗಡಿಯವನು ಒಡೆದ ಪ್ಯಾಕಿನಿಂದ ಒಂದೇ ಸಿಗರೇಟನ್ನು ಎತ್ತಿಕೊಡುವನು, ದಾರ ಕಟ್ಟಿ ತೂಗಬಿಟ್ಟ ಲೈಟರಿನಿಂದ ಗಿರಾಕಿಯು ಅಲ್ಲಿಯೇ ಹೊತ್ತಿಸಿಕೊಳ್ಳುವನು, ಪ್ಯಾಕಿನ ಶೇ 85 ಭಾಗವನ್ನು ಆವರಿಸಿರಬೇಕೆಂದು ಕಾನೂನು ಕಡ್ಡಾಯಮಾಡಿದ ಆ ಎಚ್ಚರಿಕೆಯ ಚಿತ್ರವು ಅಂಗಡಿಯವನ ಕೈಯಲ್ಲಿಯೇ ಉಳಿಯುವುದು. ಬಿಡಿ ಸಿಗರೇಟಿನ ಮಾರಾಟವನ್ನು ಕರ್ನಾಟಕವು 2017ರಲ್ಲಿಯೇ ನಿಷೇಧಿಸಿದೆಯಂತೆ!

ಬೀಡಿಯ ವಿಷಯ ಇನ್ನೂ ವಿಷಾದಕರ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಸಿಗರೇಟು ಸೇದುವವರು ಶೇ 4 ಇದ್ದರೆ, ಬೀಡಿ ಸೇದುವವರು ಶೇ 7.7 ಇದ್ದರು. ಹೀಗಿದ್ದೂ 2025ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿಯು ಬೀಡಿಯ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಲು ನಿರ್ಧರಿಸಿತು. ದಕ್ಷಿಣ ಕನ್ನಡದ ಮನೆಜಗಲಿಗಳಲ್ಲಿ ಎಲೆ ಕತ್ತರಿಸಿ, ಬೀಡಿ ಕಟ್ಟಿ ಸಂಸಾರ ತೂಗಿಸುವ ಹೆಂಗಸರ ಹೆಸರಿನಲ್ಲಿ ಈ ಬಗೆಯ ರಿಯಾಯಿತಿಯನ್ನು ಸಮರ್ಥಿಸುವವರುಂಟು. ಆ ಹೆಂಗಸರಿಗೆ ಸಾವಿರ ಬೀಡಿಗೆ ಸಲ್ಲುವ ಮಜೂರಿಯನ್ನು ಹೆಚ್ಚಿಸುವ ಕಾರ್ಯ ಬೇರೆ, ಬೀಡಿಯನ್ನು ಅಗ್ಗಮಾಡುವ ಕಾರ್ಯ ಬೇರೆ.

ವೇಪಿನ ನಿಷೇಧವನ್ನು ನಾಳೆಯೇ ತೆಗೆದುಹಾಕಿರೆಂದು ನಾನು ವಾದಿಸುವುದಿಲ್ಲ. ಬೀಡಿ ಸೇದುವ ಕೂಲಿಯವನಿಗೆ ಆ ದುಬಾರಿ ಯಂತ್ರವು ಎಟುಕುವುದೂ ಇಲ್ಲ. ಆದರೆ ಹಾನಿಯನ್ನು ತಗ್ಗಿಸುವ ಒಂದು ದಾರಿಯನ್ನು ಮುಚ್ಚಿದ ಸರ್ಕಾರಕ್ಕೆ ಇನ್ನೊಂದನ್ನು ತೆರೆಯುವ ಹೊಣೆಯುಂಟು. ಹೊಗೆಯಿಲ್ಲದೆ ನಿಕೋಟಿನ್ ಒದಗಿಸಿ ಚಟ ಬಿಡಿಸುವ ನಿಕೋಟಿನ್ ಪರ್ಯಾಯ ಚಿಕಿತ್ಸೆಯು 2022ರ ರಾಷ್ಟ್ರೀಯ ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿದೆ. ಆ ಚಿಕಿತ್ಸೆಯು ಬೀಡಿ ಬಿಡಬಯಸುವ ಬಡವನಿಗೆ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಬೆಲೆಯಿಲ್ಲದೆ ದೊರೆಯುವಂತೆ ಮಾಡಬೇಕೆಂದೂ, ಬೀಡಿಯ ಮೇಲಣ ತೆರಿಗೆಯನ್ನು ಮರಳಿ ಏರಿಸಬೇಕೆಂದೂ ಕೇಂದ್ರ, ರಾಜ್ಯ ಉಭಯ ಸರ್ಕಾರಗಳನ್ನು ಕೇಳಿಕೊಳ್ಳುತ್ತೇನೆ.